ಹಳದಿ ಮೀಟರಿನ ತಪ್ಪು ಎಷ್ಟು?

ಡಿಜಿಟಲ್ ಮಲ್ಟಿಮೀಟರು ಮೂಲತಃ ಒಂದು ತಕ್ಕಡಿ. ಒಂದು ತಟ್ಟೆಯಲ್ಲಿ ಪ್ರೋಬು ತಂದ ವೋಲ್ಟೇಜು, ಇನ್ನೊಂದರಲ್ಲಿ ಮೀಟರು ತನ್ನ ಹೊಟ್ಟೆಯಲ್ಲೇ ಇಟ್ಟುಕೊಂಡ ತೂಕದ ಕಲ್ಲು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ತಾಲ್ಲೂಕು ಕೇಂದ್ರಗಳ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಕೆಲವೇ ನೂರು ರೂಪಾಯಿಗೆ ಸಿಗುವ ಡಿಟಿ830ಡಿ ಮಾದರಿಯ ಹಳದಿ ಮೀಟರಿನಲ್ಲಿ ಆ ಕಲ್ಲಿನ ತೂಕ 100 ಮಿಲಿವೋಲ್ಟ್. ಒಳಬಂದ ವೋಲ್ಟೇಜು ಈ 100 ಮಿಲಿವೋಲ್ಟಿನ ಎಷ್ಟು ಪಟ್ಟು ಎಂದು ನೋಡಿ, ಅದನ್ನು ಸಾವಿರದಿಂದ ಗುಣಿಸಿ, ಬಂದ ಅಂಕಿಯನ್ನು ಪರದೆಯ ಮೇಲೆ ಮೂಡಿಸುವುದಷ್ಟೇ ಅದರ ಕೆಲಸ. ಕಲ್ಲು ಶೇ 1ರಷ್ಟು ಹಗುರಾದರೆ ವೋಲ್ಟೇಜಿನ ಎಲ್ಲ ಅಂಕಿಗಳೂ ಶೇ 1ರಷ್ಟು ಹೆಚ್ಚಾಗಿ ಬರುತ್ತವೆ. ಅಂಕಿಗಳು ಮಾತ್ರ ಮೊದಲಿನಷ್ಟೇ ಸ್ಪಷ್ಟವಾಗಿ, ಮೊದಲಿನಷ್ಟೇ ಧೈರ್ಯವಾಗಿ ಕಾಣುತ್ತವೆ.

ಕಿರಾಣಿ ಅಂಗಡಿಯ ತಕ್ಕಡಿಗೆ ಕಾನೂನು ಮಾಪನಶಾಸ್ತ್ರ ಇಲಾಖೆಯವರು ನಿಗದಿತ ಅವಧಿಗೊಮ್ಮೆ ಮುದ್ರೆ ಹಾಕುತ್ತಾರೆ. ಎಲೆಕ್ಟ್ರಿಷಿಯನ್ನರ ಚೀಲದಲ್ಲಿರುವ ಮೀಟರಿಗೆ ಅಂಥ ಮುದ್ರೆಯ ಕಟ್ಟುಪಾಡಿಲ್ಲ. ಅದು ಹೇಳುವುದು ನಿಜವೋ ಸುಳ್ಳೋ, ಸುಳ್ಳಾದರೆ ಎಷ್ಟು ಸುಳ್ಳು ಎಂದು ತಿಳಿದುಕೊಳ್ಳುವ ಹೊಣೆ ಬಳಸುವವರದೇ. ಹಾಗೆ ತಿಳಿದುಕೊಳ್ಳುವುದಕ್ಕೆ ಕ್ಯಾಲಿಬ್ರೇಷನ್ ಎಂದು ಹೆಸರು. ಪಠ್ಯಪುಸ್ತಕದ ಕನ್ನಡ ಇದನ್ನು ಮಾಪನಾಂಕ ನಿರ್ಣಯ ಎನ್ನುತ್ತದೆ.

ಈ ಮೀಟರುಗಳ ಒಳಗಿನ ವಿನ್ಯಾಸ ಹಳೆಯದು. 1970ರ ದಶಕದ ಕೊನೆಯಲ್ಲಿ ಅಮೆರಿಕದ ಇಂಟರ್ಸಿಲ್ ಕಂಪನಿ ಐಸಿಎಲ್7106 ಎಂಬ ಚಿಪ್ಪನ್ನು ಹೊರತಂದಿತು. ಇಂದಿನ ಅಗ್ಗದ ಮೀಟರುಗಳಲ್ಲಿ ಇರುವುದು ಅದೇ ಚಿಪ್ಪಿನ ವಂಶ. ಅದು ಅಳೆಯುವ ಬಗೆಯನ್ನು ನಲ್ಲಿ ನೀರಿನ ಲೆಕ್ಕದಲ್ಲಿ ಹೇಳಬಹುದು. ರಭಸ ಎಷ್ಟೆಂದು ಗೊತ್ತಿಲ್ಲದ ನಲ್ಲಿಯ ಕೆಳಗೆ ಕೊಡವನ್ನು ಇಂತಿಷ್ಟೇ ಹೊತ್ತು ಹಿಡಿಯುವುದು, ಆಮೇಲೆ ಗೊತ್ತಿರುವ ವೇಗದಲ್ಲಿ ಆ ನೀರನ್ನು ಹೊರಬಿಡುತ್ತಾ ಖಾಲಿಯಾಗಲು ಎಷ್ಟು ಹೊತ್ತು ಹಿಡಿಯಿತೆಂದು ಎಣಿಸುವುದು. ಕೊಡದ ಜಾಗದಲ್ಲಿ ಕೆಪಾಸಿಟರು, ಗೊತ್ತಿರುವ ವೇಗದ ಜಾಗದಲ್ಲಿ 100 ಮಿಲಿವೋಲ್ಟಿನ ರೆಫರೆನ್ಸು. ಈ ಉಪಾಯದ ಸೊಗಸು ಏನೆಂದರೆ, ಕೊಡ ದೊಡ್ಡದೋ ಚಿಕ್ಕದೋ, ಗಡಿಯಾರ ಸ್ವಲ್ಪ ವೇಗವೋ ನಿಧಾನವೋ, ಲೆಕ್ಕ ಕೆಡುವುದಿಲ್ಲ. ತುಂಬುವಾಗಲೂ ಖಾಲಿ ಮಾಡುವಾಗಲೂ ಅದೇ ಕೊಡ, ಅದೇ ಗಡಿಯಾರ. ಅಗ್ಗದ ಬಿಡಿಭಾಗಗಳಿಂದಲೂ ಒಳ್ಳೆಯ ಅಳತೆ ಸಾಧ್ಯವಾದದ್ದು ಹೀಗೆ.

ಉಳಿಯುವ ಅವಲಂಬನೆ ಎರಡೇ. ಒಂದು, ಆ ರೆಫರೆನ್ಸು. ಎರಡು, 2 ವೋಲ್ಟ್, 20 ವೋಲ್ಟ್, 200 ವೋಲ್ಟ್ ರೇಂಜುಗಳಿಗೆ ಒಳಬರುವ ವೋಲ್ಟೇಜನ್ನು ಹತ್ತು, ನೂರು, ಸಾವಿರ ಪಾಲು ಇಳಿಸಿಕೊಡುವ ರೆಸಿಸ್ಟರುಗಳ ಸರಣಿ. ರೆಸಿಸ್ಟರುಗಳನ್ನು ಕಾರ್ಖಾನೆಯಲ್ಲಿ ಬೆಸುಗೆ ಹಾಕಿದ ಮೇಲೆ ಯಾರೂ ಮುಟ್ಟುವುದಿಲ್ಲ. ರೆಫರೆನ್ಸನ್ನು ಮಾತ್ರ ತಿರುಗಿಸಿ ಹೊಂದಿಸಲು ಒಂದು ಪುಟ್ಟ ಪ್ರಿಸೆಟ್ ಇರುತ್ತದೆ, ಬೆರಳುಗುರಿಗಿಂತ ಚಿಕ್ಕದು. ಅಗ್ಗದ ಮೀಟರಿನ ‘ಕ್ಯಾಲಿಬ್ರೇಷನ್’ ಎಂದು ಜನ ಹೇಳುವುದು ಬಹುಮಟ್ಟಿಗೆ ಈ ಒಂದು ಸ್ಕ್ರೂವಿನ ಕಥೆ.

ಕೈಪಿಡಿಯ ಸಣ್ಣ ಅಕ್ಷರ

ಮೀಟರು ಕೆಟ್ಟಿದೆ ಎನ್ನುವ ಮುನ್ನ ಅದು ಸರಿಯಾಗಿದ್ದಾಗ ಎಷ್ಟು ತಪ್ಪಬಹುದು ಎಂದು ನೋಡಬೇಕು. ಡಬ್ಬದಲ್ಲಿ ಮಡಿಸಿಟ್ಟ ಕಾಗದದಲ್ಲಿ ಅದು ಬರೆದಿರುತ್ತದೆ, ಓದುವವರು ಕಡಿಮೆ. ಡಿಸಿ ವೋಲ್ಟೇಜಿಗೆ ಸಾಮಾನ್ಯವಾಗಿ ಕಾಣುವ ಸಾಲು ‘ಶೇ 0.5 + 2 ಡಿಜಿಟ್’. ಕಂಡ ಅಂಕಿಯ ಶೇ 0.5, ಅದರ ಮೇಲೆ ಕೊನೆಯ ಸ್ಥಾನದಲ್ಲಿ 2, ಇಷ್ಟು ಆಚೀಚೆ ಆಗಬಹುದು ಎಂದರ್ಥ. ಬೈಕಿನ ಅಥವಾ ಇನ್ವರ್ಟರಿನ ಬ್ಯಾಟರಿಗೆ 20 ವೋಲ್ಟ್ ರೇಂಜಿನಲ್ಲಿ ಪ್ರೋಬು ಇಟ್ಟಾಗ 12.60 ಕಂಡರೆ, ಶೇ 0.5 ಎಂದರೆ 0.063, ಎರಡು ಡಿಜಿಟ್ ಎಂದರೆ 0.02, ನಿಜವಾದ ವೋಲ್ಟೇಜು 12.52ರಿಂದ 12.68ರ ನಡುವೆ ಎಲ್ಲಾದರೂ ಇರಬಹುದು. ಬ್ಯಾಟರಿ ತುಂಬಿದೆಯೇ ಬರಿದಾಗಿದೆಯೇ ಎಂದು ತಿಳಿಯಲು ಇದು ಧಾರಾಳವಾಗಿ ಸಾಕು.

ಎಸಿಯಲ್ಲಿ ಚಿತ್ರವೇ ಬೇರೆ. 750 ವೋಲ್ಟ್ ರೇಂಜಿಗೆ ಇಂಥ ಮೀಟರಿನ ಕೈಪಿಡಿಗಳಲ್ಲಿ ಕಾಣುವ ಸಾಲು ‘ಶೇ 1.2 + 10 ಡಿಜಿಟ್’. ಆ ರೇಂಜಿನಲ್ಲಿ ಒಂದು ಡಿಜಿಟ್ ಎಂದರೆ ಒಂದು ವೋಲ್ಟ್. ಮನೆಯ ಸಾಕೆಟ್ಟಿನಲ್ಲಿ 230 ಕಂಡರೆ ಶೇ 1.2 ಎಂದರೆ 2.76 ವೋಲ್ಟ್, ಅದಕ್ಕೆ ಹತ್ತು ಸೇರಿಸಿದರೆ ಸುಮಾರು 13. ನಿಜವಾದ ವೋಲ್ಟೇಜು 217 ಇರಬಹುದು, 243ಕ್ಕೆ ಹತ್ತಿರವೂ ಇರಬಹುದು. 1956ರ ಭಾರತೀಯ ವಿದ್ಯುತ್ ನಿಯಮಗಳು ಲೋ ವೋಲ್ಟೇಜ್ ಪೂರೈಕೆಗೆ ಕೊಟ್ಟಿದ್ದ ಸಡಿಲಿಕೆ ಶೇ 6. ಇಲ್ಲಿ ಮೀಟರಿನ ಸಡಿಲಿಕೆಯೇ ಶೇ 5.5 ದಾಟುತ್ತದೆ. ಲೈನ್‌ಮನ್ ಜೊತೆ ‘ನಮ್ಮ ಮನೆಗೆ 218 ಬರುತ್ತಿದೆ’ ಎಂದು ವಾದಕ್ಕೆ ನಿಲ್ಲುವವರು ಈ ಮೀಟರನ್ನು ಸಾಕ್ಷಿಗೆ ಕರೆದರೆ ಸಾಕ್ಷಿ ನಿಲ್ಲುವುದಿಲ್ಲ. ಮೀಟರು ಕೆಟ್ಟಿರಬೇಕಾಗಿಲ್ಲ. ಅದು ಕೊಟ್ಟ ಮಾತೇ ಅಷ್ಟು.

ಕೈಪಿಡಿಯ ಇನ್ನೊಂದು ಸಾಲೂ ಕಣ್ಣು ತಪ್ಪುತ್ತದೆ: ಈ ನಿಖರತೆ 23 ಡಿಗ್ರಿ ಸೆಲ್ಷಿಯಸ್‌ನಲ್ಲಿ, 5 ಡಿಗ್ರಿ ಆಚೀಚೆ. ಅಂದರೆ 18ರಿಂದ 28 ಡಿಗ್ರಿ. ಅದರಾಚೆಗೆ ಪ್ರತಿ ಡಿಗ್ರಿಗೂ ನಿಗದಿತ ತಪ್ಪಿನ ಹತ್ತನೇ ಒಂದು ಪಾಲನ್ನು ಸೇರಿಸಿಕೊಳ್ಳಿ ಎನ್ನುವ ಕೈಪಿಡಿಗಳಿವೆ. ಮೇ ತಿಂಗಳಲ್ಲಿ ರಾಯಚೂರಿನ ಶೀಟು ಹೊದಿಸಿದ ವರ್ಕ್‌ಶಾಪಿನಲ್ಲಿ 40 ಡಿಗ್ರಿ ಇದ್ದರೆ 12 ಡಿಗ್ರಿ ಹೆಚ್ಚು, ಶೇ 0.5ರ ಮೀಟರು ಅಲ್ಲಿ ಶೇ 1.1ರ ಮೀಟರಾಗುತ್ತದೆ. ಮಡಿಕೇರಿಯಲ್ಲಿ ಅದೇ ಮೀಟರು ಬಹುಪಾಲು ದಿನ ತನ್ನ ಮಾತಿನೊಳಗೇ ಇರುತ್ತದೆ.

ನೋಡುವುದು ಬೇರೆ, ತಿದ್ದುವುದು ಬೇರೆ

ಮಾಪನಶಾಸ್ತ್ರದ ಪರಿಭಾಷೆಯಲ್ಲಿ ಕ್ಯಾಲಿಬ್ರೇಷನ್ ಎಂದರೆ ಹೋಲಿಸಿ ನೋಡುವುದು. ಗೊತ್ತಿರುವ ವೋಲ್ಟೇಜನ್ನು ಕೊಟ್ಟು, ಮೀಟರು ಏನು ತೋರಿಸಿತೆಂದು ಬರೆದು, ಎರಡರ ವ್ಯತ್ಯಾಸವನ್ನೂ ಆ ವ್ಯತ್ಯಾಸದಲ್ಲಿರುವ ಅನಿಶ್ಚಿತತೆಯನ್ನೂ ದಾಖಲಿಸಿದರೆ ಕೆಲಸ ಮುಗಿಯಿತು. ಸ್ಕ್ರೂ ತಿರುಗಿಸಿ ಸರಿಪಡಿಸುವುದು ಅಡ್ಜಸ್ಟ್‌ಮೆಂಟ್. ಅದು ಬೇರೆ ಕೆಲಸ, ಅದಾದ ಮೇಲೆ ಮತ್ತೆ ಹೋಲಿಸಿ ನೋಡಬೇಕು. ಲ್ಯಾಬಿಗೆ ಕೊಟ್ಟ ಮೀಟರು ಸರ್ಟಿಫಿಕೇಟು ಹಿಡಿದು ವಾಪಸು ಬಂದಾಗ ಮೊದಲಿನಷ್ಟೇ ತಪ್ಪು ತೋರಿಸುತ್ತಿದ್ದರೆ ಗ್ರಾಹಕರು ಸಿಟ್ಟಾಗುವುದುಂಟು. ಲ್ಯಾಬು ತನ್ನ ಕೆಲಸ ಮಾಡಿರುತ್ತದೆ: ತಪ್ಪು ಎಷ್ಟೆಂದು ಹೇಳಿರುತ್ತದೆ. ತಿದ್ದಿ ಕೊಡಬೇಕಾದರೆ ಅದನ್ನು ಮೊದಲೇ ಕೇಳಬೇಕು, ಮತ್ತು ಬಹುಪಾಲು ಲ್ಯಾಬುಗಳು ಅದನ್ನು ತಯಾರಕರ ಸರ್ವಿಸ್ ಸೆಂಟರಿಗೆ ಬಿಡುತ್ತವೆ.

ಹೋಲಿಕೆಯ ಕಲ್ಲು ಎಲ್ಲಿಂದ ಬಂತು ಎಂಬುದಕ್ಕೆ ಒಂದು ವಂಶಾವಳಿ ಇದೆ. ಭಾರತದಲ್ಲಿ ಅದರ ಬೇರು ನವದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ. ಅತಿ ತಣ್ಣಗಿನ ಅತಿವಾಹಕ ಸಂಧಿಗಳಿಗೆ ಮೈಕ್ರೋವೇವ್ ಹಾಯಿಸಿದಾಗ ಆವರ್ತನಕ್ಕೆ ತಕ್ಕ, ಅಲುಗಾಡದ ವೋಲ್ಟೇಜು ಹುಟ್ಟುತ್ತದೆ. ಬ್ರಿಟನ್ನಿನ ಬ್ರಯನ್ ಜೋಸೆಫ್ಸನ್ 1962ರಲ್ಲಿ ಊಹಿಸಿದ ಈ ಪರಿಣಾಮವೇ ಇಂದಿನ ವೋಲ್ಟಿನ ಆಧಾರ. ಅಲ್ಲಿಂದ ಕೆಳಗಿನ ಲ್ಯಾಬುಗಳ ಸ್ಟ್ಯಾಂಡರ್ಡುಗಳಿಗೆ, ಅಲ್ಲಿಂದ ಮಲ್ಟಿಫಂಕ್ಷನ್ ಕ್ಯಾಲಿಬ್ರೇಟರ್ ಎಂಬ ಯಂತ್ರಕ್ಕೆ, ಅಲ್ಲಿಂದ ಮೇಜಿನ ಮೇಲಿನ ಹಳದಿ ಮೀಟರಿಗೆ ಹೋಲಿಕೆ ಇಳಿದು ಬರುತ್ತದೆ. ಪ್ರತಿ ಮೆಟ್ಟಿಲಲ್ಲೂ ಮೇಲಿನದು ಕೆಳಗಿನದಕ್ಕಿಂತ ಕನಿಷ್ಠ ನಾಲ್ಕು ಪಟ್ಟು ನಿಖರ ಇರಬೇಕೆಂಬುದು ಈ ವೃತ್ತಿಯ ರೂಢಿ.

ಕರ್ನಾಟಕದವರಿಗೆ ದೆಹಲಿಯವರೆಗೆ ಹೋಗುವ ಕೆಲಸವಿಲ್ಲ. ಕೇಂದ್ರದ ಎಲೆಕ್ಟ್ರಾನಿಕ್ಸ್ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯದ ಎಸ್‌ಟಿಕ್ಯೂಸಿ ನಿರ್ದೇಶನಾಲಯಕ್ಕೆ ಸೇರಿದ ಇಟಿಡಿಸಿ ಎಂಬ ಪರೀಕ್ಷೆ ಮತ್ತು ಕ್ಯಾಲಿಬ್ರೇಷನ್ ಕೇಂದ್ರ ಬೆಂಗಳೂರಿನ ಪೀಣ್ಯದಲ್ಲಿದೆ. ಕೈಗಾರಿಕಾ ಪ್ರದೇಶಗಳಲ್ಲಿ ಖಾಸಗಿ ಲ್ಯಾಬುಗಳೂ ಇವೆ. ಖಾಸಗಿ ಲ್ಯಾಬಿಗೆ ಕೊಡುವ ಮುನ್ನ ನೋಡಬೇಕಾದದ್ದು ಲ್ಯಾಬುಗಳ ರಾಷ್ಟ್ರೀಯ ಮಾನ್ಯತಾ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ. ಐಎಸ್‌ಒ/ಐಇಸಿ 17025 ಎಂಬ ಮಾನದಂಡದ ಪ್ರಕಾರ ಕೊಡುವ ಈ ಮಾನ್ಯತೆಯಲ್ಲಿ ಕ್ಯಾಲಿಬ್ರೇಷನ್ ಲ್ಯಾಬುಗಳ ಸಂಖ್ಯೆ ‘ಸಿಸಿ’ ಎಂದು ಶುರುವಾಗುತ್ತದೆ. ಮಾನ್ಯತೆ ಇಡೀ ಲ್ಯಾಬಿಗೆ ಸಾರಾಸಗಟಾಗಿ ಸಿಗುವುದಿಲ್ಲ. ಯಾವ ಅಳತೆಗೆ, ಎಷ್ಟರಿಂದ ಎಷ್ಟರವರೆಗೆ ಎಂಬ ಪಟ್ಟಿ ಇರುತ್ತದೆ. ಥರ್ಮಾಮೀಟರಿಗೆ ಮಾನ್ಯತೆ ಪಡೆದ ಲ್ಯಾಬು ಮಲ್ಟಿಮೀಟರಿಗೆ ಕೊಡುವ ಕಾಗದಕ್ಕೆ ಅದೇ ಬೆಲೆ ಇರುವುದಿಲ್ಲ.

ಒಳ್ಳೆಯ ಸರ್ಟಿಫಿಕೇಟಿನಲ್ಲಿ ಪ್ರತಿ ರೇಂಜಿನ ಕೆಲವು ಬಿಂದುಗಳಲ್ಲಿ ಕೊಟ್ಟ ಮೌಲ್ಯ, ಮೀಟರು ತೋರಿಸಿದ ಮೌಲ್ಯ, ಅನಿಶ್ಚಿತತೆ, ಆ ದಿನದ ತಾಪಮಾನ ಮತ್ತು ತೇವಾಂಶ, ಬಳಸಿದ ಸ್ಟ್ಯಾಂಡರ್ಡಿನ ವಿವರ ಇರುತ್ತವೆ. ‘ಕ್ಯಾಲಿಬ್ರೇಟೆಡ್, ಓಕೆ’ ಎಂಬ ಸ್ಟಿಕರು ಮಾತ್ರ ಅಂಟಿಸಿ ಅಂಕಿಗಳನ್ನು ಕೊಡದಿದ್ದರೆ ಅದು ಅಲಂಕಾರ. ಮುಂದಿನ ದಿನಾಂಕವನ್ನು ಲ್ಯಾಬು ತಾನಾಗಿ ಬರೆಯುವಂತಿಲ್ಲ ಎಂಬುದೂ ಹಲವರಿಗೆ ಗೊತ್ತಿಲ್ಲ. ಗ್ರಾಹಕರು ಒಪ್ಪಿದ್ದರೆ ಮಾತ್ರ ಸರ್ಟಿಫಿಕೇಟಿನಲ್ಲಿ ಅವಧಿಯ ಮಾತು ಬರಬಹುದು ಎನ್ನುತ್ತದೆ ಅದೇ 17025. ವರ್ಷಕ್ಕೊಮ್ಮೆ ಎಂಬುದು ರೂಢಿ, ನಿಯಮವಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಹಣದ ಲೆಕ್ಕ. ಡಿಟಿ830ಡಿ ಮೀಟರಿನ ಎಲ್ಲ ರೇಂಜುಗಳನ್ನೂ ಮಾನ್ಯತೆ ಪಡೆದ ಲ್ಯಾಬಿನಲ್ಲಿ ನೋಡಿಸುವ ಖರ್ಚು ಸಾಮಾನ್ಯವಾಗಿ ಮೀಟರಿನ ಬೆಲೆಯನ್ನೇ ಮೀರುತ್ತದೆ. ಕಾರ್ಖಾನೆಯ ಗುಣಮಟ್ಟದ ಆಡಿಟ್ ಎದುರಿಸುವವರು, ವೈದ್ಯಕೀಯ ಉಪಕರಣ ನೋಡಿಕೊಳ್ಳುವವರು, ಟೆಂಡರಿಗೆ ಅಳತೆಯ ದಾಖಲೆ ಲಗತ್ತಿಸುವವರು ಆ ಖರ್ಚು ಮಾಡಲೇಬೇಕು. ಆದರೆ ಅವರ ಕೈಯಲ್ಲಿ ಇರಬೇಕಾದ ಮೀಟರು ಇದಲ್ಲ. ಹಳದಿ ಮೀಟರಿಗೆ ದುಬಾರಿ ಸರ್ಟಿಫಿಕೇಟು ತರುವುದು ನಾಣ್ಯಕ್ಕಿಂತ ದೊಡ್ಡ ಪರ್ಸು ಕೊಂಡ ಹಾಗೆ. ಅದೇ ಹಣ ಸೇರಿಸಿ ಒಂದು ಮೆಟ್ಟಿಲು ಮೇಲಿನ ಮೀಟರು ಕೊಳ್ಳುವುದೇ ಲೇಸು. ಉಳಿದವರಿಗೆ, ಅಂದರೆ ಮನೆ ವೈರಿಂಗಿನವರಿಗೆ, ಪಂಪ್‌ಸೆಟ್ ರಿಪೇರಿಯವರಿಗೆ, ಐಟಿಐ ವಿದ್ಯಾರ್ಥಿಗಳಿಗೆ, ಹವ್ಯಾಸಿಗಳಿಗೆ ಬೇಕಾದದ್ದು ಮೇಜಿನ ಮೇಲೆ ಮಾಡಿಕೊಳ್ಳಬಹುದಾದ ಪರೀಕ್ಷೆ.

ಮೇಜಿನ ಮೇಲಿನ ಪರೀಕ್ಷೆ

ಮೊದಲು ಹೊಸ ಬ್ಯಾಟರಿ. ಇದನ್ನು ಬಿಟ್ಟು ಬೇರೆಲ್ಲ ಮಾಡುವುದು ವ್ಯರ್ಥ. 7106 ವಂಶದ ಮೀಟರುಗಳಲ್ಲಿ 100 ಮಿಲಿವೋಲ್ಟಿನ ರೆಫರೆನ್ಸು ಹುಟ್ಟುವುದು ಚಿಪ್ಪಿನೊಳಗಿನ ಸುಮಾರು 2.8 ವೋಲ್ಟಿನಿಂದ. 9 ವೋಲ್ಟ್ ಬ್ಯಾಟರಿ ಸವೆಯುತ್ತಾ ಸುಮಾರು 7 ವೋಲ್ಟಿಗಿಂತ ಕೆಳಗಿಳಿದಾಗ ಆ 2.8 ಕುಸಿಯತೊಡಗುತ್ತದೆ. ಕಲ್ಲು ಹಗುರಾಯಿತು, ಆದ್ದರಿಂದ ಮೀಟರು ಹೆಚ್ಚು ತೋರಿಸುತ್ತದೆ. ಸೆಲ್ಲು ಸತ್ತ ಮೀಟರು ಸತ್ತ ಬ್ಯಾಟರಿಯನ್ನು ಚೆನ್ನಾಗಿದೆ ಎಂದು ಹೊಗಳುವ ವಿಚಿತ್ರ ಹೀಗೆ ಹುಟ್ಟುತ್ತದೆ. ಸಾಕೆಟ್ಟಿನಲ್ಲಿ 260, 270 ಕಂಡು ಗಾಬರಿಯಾದವರು ಸ್ಟೆಬಿಲೈಸರ್ ತರುವ ಮುನ್ನ ಮೀಟರಿನ ಬ್ಯಾಟರಿ ಬದಲಿಸಿ ನೋಡುವುದು ಒಳ್ಳೆಯದು. ಎಷ್ಟೋ ಅಗ್ಗದ ಮೀಟರುಗಳ ಪರದೆಯಲ್ಲಿ ಬ್ಯಾಟರಿ ಇಳಿದ ಗುರುತೇ ಮೂಡುವುದಿಲ್ಲ.

ಮುಂದೆ ಎರಡೂ ಪ್ರೋಬುಗಳ ತುದಿಗಳನ್ನು ಒತ್ತಿ ಹಿಡಿದು 200 ಓಮ್ ರೇಂಜಿನಲ್ಲಿ ನೋಡಬೇಕು. 0.2ರಿಂದ 0.5ರವರೆಗೆ ಏನಾದರೂ ಕಂಡರೆ ಅದು ಲೀಡುಗಳ ಸ್ವಂತ ರೆಸಿಸ್ಟೆನ್ಸು. ಚಿಕ್ಕ ರೆಸಿಸ್ಟೆನ್ಸು ಅಳೆಯುವಾಗ ಕಳೆಯಬೇಕಾದ ಬಾಕಿ. ಹಿಡಿದಿರುವಾಗಲೇ ಲೀಡಿನ ಬುಡವನ್ನು ಅಲುಗಾಡಿಸಿದರೆ ಅಂಕಿ ಕುಣಿಯುತ್ತದೆಯೇ? ಕುಣಿದರೆ ಒಳಗೆ ಎಳೆಗಳು ಹರಿದಿವೆ. ‘ಮೀಟರು ಕೆಟ್ಟಿದೆ’ ಎಂಬ ದೂರುಗಳಲ್ಲಿ ದೊಡ್ಡ ಪಾಲು ಇಲ್ಲೇ ಬಗೆಹರಿಯುತ್ತದೆ, ಹೊಸ ಲೀಡಿನ ಬೆಲೆಯಲ್ಲಿ.

ರೆಸಿಸ್ಟೆನ್ಸಿಗೆ ಶೇ 0.1ರ ರೆಸಿಸ್ಟರುಗಳು ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತವೆ. 100 ಓಮ್, 1 ಕಿಲೋ, 10 ಕಿಲೋ, 100 ಕಿಲೋ, ಹೀಗೆ ನಾಲ್ಕಿದ್ದರೆ ಬಹುಪಾಲು ರೇಂಜುಗಳನ್ನು ನೋಡಬಹುದು. ಇಲ್ಲೊಂದು ಸ್ವಾರಸ್ಯವಿದೆ: ಈ ಮೀಟರುಗಳು ಓಮ್ ಅಳೆಯುವಾಗ 100 ಮಿಲಿವೋಲ್ಟಿನ ಕಲ್ಲನ್ನು ಬಳಸುವುದೇ ಇಲ್ಲ. ಗೊತ್ತಿರುವ ಒಂದು ರೆಸಿಸ್ಟರಿನ ಮೇಲೆ ಬೀಳುವ ವೋಲ್ಟೇಜಿನೊಂದಿಗೆ ಹೊರಗಿನದನ್ನು ಹೋಲಿಸುತ್ತವೆ. ಆದ್ದರಿಂದ ಪ್ರಿಸೆಟ್ ಎಷ್ಟು ತಿರುಗಿಸಿದರೂ ಓಮ್ ಅಂಕಿ ಬದಲಾಗದು. ರೋಗಪತ್ತೆಗೆ ಇದು ಒಳ್ಳೆಯ ಸುಳಿವು. ಓಮ್ ಸರಿಯಿದ್ದು ಎಲ್ಲ ಡಿಸಿ ವೋಲ್ಟ್ ರೇಂಜುಗಳೂ ಒಂದೇ ಪ್ರಮಾಣದಲ್ಲಿ ಒಂದೇ ಕಡೆಗೆ ತಪ್ಪಿದರೆ ದೋಷ ರೆಫರೆನ್ಸಿನದು, ಪ್ರಿಸೆಟ್ಟಿನಲ್ಲಿ ಸರಿಹೋಗುತ್ತದೆ. ಒಂದೇ ರೇಂಜು ತಪ್ಪಿದರೆ ಅಲ್ಲಿನ ರೆಸಿಸ್ಟರು ಸುಟ್ಟಿದೆ ಅಥವಾ ಸೆಲೆಕ್ಟರ್ ಸ್ವಿಚ್ಚಿನ ಸಂಪರ್ಕ ಕೊಳೆಯಾಗಿದೆ. ಆಗ ಪ್ರಿಸೆಟ್ ಮುಟ್ಟಿದರೆ ಸರಿಯಿದ್ದವೂ ಕೆಡುತ್ತವೆ.

ವೋಲ್ಟೇಜಿಗೆ ಹೋಲಿಕೆಯ ಕಲ್ಲು ಬೇಕು. ಹೊಸ ಪೆನ್ಸಿಲ್ ಸೆಲ್ಲು 1.5 ವೋಲ್ಟ್ ತಾನೇ ಎಂದು ಅದನ್ನೇ ಪ್ರಮಾಣವಾಗಿ ಹಿಡಿಯುವವರಿದ್ದಾರೆ. ಹೊಚ್ಚಹೊಸ ಆಲ್ಕಲೈನ್ ಸೆಲ್ಲು 1.6ರ ಆಸುಪಾಸಿನಲ್ಲಿರುತ್ತದೆ. ಎಡಿ584 ಎಂಬ ಐಸಿಯ ಪುಟ್ಟ ಬೋರ್ಡುಗಳು ಆನ್‌ಲೈನಿನಲ್ಲಿ ಸಿಗುತ್ತವೆ, 2.5, 5, 7.5 ಮತ್ತು 10 ವೋಲ್ಟ್ ಕೊಡುತ್ತವೆ. ಆದರೆ ಅದರ ಅಗ್ಗದ ‘ಜೆ’ ದರ್ಜೆಗೆ ತಯಾರಕರು ಕೊಡುವ ಮಿತಿ 10 ವೋಲ್ಟಿನಲ್ಲಿ 30 ಮಿಲಿವೋಲ್ಟ್ ಆಚೀಚೆ, ಅಂದರೆ ಶೇ 0.3. ಶೇ 0.5ರ ಮೀಟರನ್ನು ಶೇ 0.3ರ ಕಲ್ಲಿನಿಂದ ತೂಗಿದರೆ ಯಾರು ಯಾರನ್ನು ಪರೀಕ್ಷಿಸುತ್ತಿದ್ದಾರೆ ಎಂಬುದೇ ತಿಳಿಯದು. ಬೋರ್ಡಿನ ಮೇಲೆ ಅಳೆದ ಮೌಲ್ಯ ಬರೆದ ಚೀಟಿ ಅಂಟಿಸಿರುತ್ತಾರೆ. ಅದನ್ನು ಯಾವ ಮೀಟರಿನಲ್ಲಿ, ಯಾವಾಗ ಅಳೆದರು ಎಂದು ಚೀಟಿ ಹೇಳುವುದಿಲ್ಲ.

ಇದಕ್ಕಿಂತ ಒಳ್ಳೆಯ ದಾರಿ ಎರವಲು. ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲೋ ಪರಿಚಯದ ಕಾರ್ಖಾನೆಯಲ್ಲೋ ಸರ್ಟಿಫಿಕೇಟಿನ ಅವಧಿ ಮುಗಿಯದ ಬೆಂಚ್ ಮೀಟರು ಇದ್ದರೆ ಎರಡನ್ನೂ ಒಂದೇ ಬ್ಯಾಟರಿಗೆ ಸಮಾಂತರವಾಗಿ ಜೋಡಿಸಿ ಒಂದೇ ಕ್ಷಣದಲ್ಲಿ ಎರಡರ ಅಂಕಿಯನ್ನೂ ಬರೆದುಕೊಂಡರೆ ಆಯಿತು. ಒಂದು ಸೆಲ್ಲು, ಒಂದು 9 ವೋಲ್ಟ್ ಬ್ಯಾಟರಿ, ಒಂದು 12 ವೋಲ್ಟ್ ಬ್ಯಾಟರಿ, ಮೂರು ಬಿಂದುಗಳು. ಬಂದ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ದಿನಾಂಕದೊಂದಿಗೆ ಬರೆದು ಮೀಟರಿನ ಬೆನ್ನಿಗೆ ಅಂಟಿಸುವುದು. ‘20 ವೋಲ್ಟ್ ರೇಂಜು, 0.04 ಹೆಚ್ಚು ತೋರಿಸುತ್ತದೆ’ ಎಂದು ಗೊತ್ತಿರುವ ಮೀಟರು, ಏನೂ ಗೊತ್ತಿಲ್ಲದ ದುಬಾರಿ ಮೀಟರಿಗಿಂತ ಉಪಯುಕ್ತ.

ಪ್ರಿಸೆಟ್ ತಿರುಗಿಸುವುದು ಕೊನೆಯ ಮಾತು. ಲೀಡುಗಳನ್ನು ಕಳಚಿಯೇ ಹಿಂಬದಿಯ ಸ್ಕ್ರೂ ಬಿಚ್ಚಬೇಕು. ಮೇನ್ಸಿಗೆ ತಾಗಿದ ಲೀಡು ಮೀಟರಿನಲ್ಲಿದ್ದರೆ ಬೋರ್ಡಿನ ಮೇಲೂ 230 ವೋಲ್ಟ್ ಇರುತ್ತದೆ. ಒಳಗೆ ಹಸಿರು ಬೋರ್ಡು, ಅದರ ನಡುವೆ ಡಾಂಬರಿನ ಹನಿಯಂಥ ಕಪ್ಪು ಗುಳ್ಳೆ (ಅದರಡಿಯಲ್ಲಿ ಚಿಪ್ಪು), ಒಂದು ಬದಿಗೆ ಕಮಾನಿನಂತೆ ಬಾಗಿಸಿದ ದಪ್ಪ ತಂತಿ. ಆ ತಂತಿಯೇ 10 ಆಂಪಿಯರ್ ರೇಂಜಿನ 0.01 ಓಮ್ ಷಂಟು. ಪ್ರಿಸೆಟ್ಟಿನ ಮೇಲೆ ಕಾರ್ಖಾನೆಯವರು ಬಣ್ಣದ ಒಂದು ತೊಟ್ಟು ಹಾಕಿದ್ದರೆ ಅದನ್ನು ಮೆಲ್ಲಗೆ ಬಿಡಿಸಬೇಕು. ಮೊದಲಿನ ಸ್ಥಾನವನ್ನು ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಂಡರೆ ಹಿಂದಕ್ಕೆ ಬರಲು ದಾರಿ ಇರುತ್ತದೆ. ಪ್ಲಾಸ್ಟಿಕ್ ಸ್ಕ್ರೂಡ್ರೈವರ್ ಒಳ್ಳೆಯದು. ಮೀಟರು ಅರ್ಧ ಗಂಟೆಯಾದರೂ ಅದೇ ಕೋಣೆಯಲ್ಲಿದ್ದಿರಬೇಕು. 2 ವೋಲ್ಟ್ ರೇಂಜಿನಲ್ಲಿ 1.5ರಿಂದ 1.9ರ ನಡುವಿನ ಸ್ಥಿರ ವೋಲ್ಟೇಜು ಕೊಟ್ಟು, ಒಳ್ಳೆಯ ಮೀಟರಿನ ಅಂಕಿಗೆ ಹೊಂದುವಂತೆ ಕೂದಲೆಳೆಯಷ್ಟು ತಿರುಗಿಸಿ, ಕೈ ತೆಗೆದು, ಕಾದು, ಮತ್ತೆ ನೋಡುವುದು. ಇವು ಒಂದೇ ಸುತ್ತಿನ ಪ್ರಿಸೆಟ್ಟುಗಳು. ಗಡಿಯಾರದ ಮುಳ್ಳು ಒಂದು ನಿಮಿಷ ಸರಿದಷ್ಟು ತಿರುಗಿದರೂ ಅಂಕಿ ಹಾರುತ್ತದೆ. ಆಮೇಲೆ ಉಳಿದ ರೇಂಜುಗಳನ್ನು ನೋಡಿ, ಉಗುರಿನ ಬಣ್ಣದ ಒಂದು ತೊಟ್ಟು ಹಾಕಿದರೆ ಸ್ಕ್ರೂ ಕದಲದು.

ಸ್ವಲ್ಪ ಹೆಚ್ಚಿನ ಬೆಲೆಯ ಹೊಸ ಮೀಟರುಗಳಲ್ಲಿ ಪ್ರಿಸೆಟ್ ಇರುವುದಿಲ್ಲ. ತಿದ್ದುಪಡಿಯ ಅಂಕಿಗಳು ಒಂದು ಪುಟ್ಟ ಮೆಮೊರಿ ಚಿಪ್ಪಿನಲ್ಲಿ ಕುಳಿತಿರುತ್ತವೆ. ಅದನ್ನು ಬದಲಿಸುವ ವಿಧಾನವನ್ನು ತಯಾರಕರು ಸಾಮಾನ್ಯವಾಗಿ ಗ್ರಾಹಕರಿಗೆ ಹೇಳುವುದಿಲ್ಲ. ಡಿಟಿಎಂ0660 ಚಿಪ್ಪಿನ ಅಗ್ಗದ ಮೀಟರುಗಳಲ್ಲಿ ಹವ್ಯಾಸಿಗಳು ಆ ಮೆಮೊರಿಯನ್ನು ಓದಿ, ತಿದ್ದಿ, ಮತ್ತೆ ಬರೆಯುವುದನ್ನು ಕಂಡುಕೊಂಡಿದ್ದಾರೆ. ಮೂಲ ಪ್ರತಿಯನ್ನು ಉಳಿಸಿಕೊಳ್ಳದೆ ಕೈಹಾಕಿದರೆ ಮೀಟರು ಆಟದ ಸಾಮಾನಾಗುತ್ತದೆ.

ಕೆಲವು ತಪ್ಪುಗಳನ್ನು ಯಾವ ಸ್ಕ್ರೂವೂ ತಿದ್ದದು. ಡಿಟಿ830ಡಿ ಎಸಿಯನ್ನು ಅಳೆಯುವುದು ಒಂದೇ ಡಯೋಡಿನಿಂದ ಅರ್ಧ ಅಲೆಯನ್ನು ಕತ್ತರಿಸಿ, ಅದರ ಸರಾಸರಿ ಹಿಡಿದು, ‘ಇದು ಶುದ್ಧ ಸೈನ್ ಅಲೆ’ ಎಂದು ನಂಬಿ 2.22ರಿಂದ ಗುಣಿಸಿ. ಎಸಿ ರೇಂಜಿನಲ್ಲಿ 9 ವೋಲ್ಟ್ ಬ್ಯಾಟರಿಗೆ ಪ್ರೋಬು ಹಿಡಿದರೆ ಗುಟ್ಟು ರಟ್ಟಾಗುತ್ತದೆ: ಒಂದು ಕಡೆಯಿಂದ 20ರ ಹತ್ತಿರ, ತಿರುಗಿಸಿ ಹಿಡಿದರೆ ಸೊನ್ನೆ. ಕರೆಂಟು ಹೋದಾಗ ಓಡುವ ಹಳೆಯ ಬಗೆಯ ಇನ್ವರ್ಟರು ಕೊಡುವುದು ಮೆಟ್ಟಿಲು ಮೆಟ್ಟಿಲಾದ ಅಲೆ. 325 ವೋಲ್ಟಿನ ಶಿಖರ ಅರ್ಧ ಹೊತ್ತು, ಸೊನ್ನೆ ಅರ್ಧ ಹೊತ್ತು ಇರುವ ಅಂಥ ಅಲೆಯ ನಿಜವಾದ ಬೆಲೆ 230. ಈ ಮೀಟರು ತೋರಿಸುವುದು ಸುಮಾರು 180. ಇನ್ವರ್ಟರ್ ರಿಪೇರಿಯವರಿಗೆ ಆ ನಿಜವಾದ ಬೆಲೆಯನ್ನೇ ಅಳೆಯುವ ಟ್ರೂ ಆರ್‌ಎಂಎಸ್ ಮೀಟರೇ ಬೇಕು.

ಕೆಟ್ಟರೆ ಯಾರ ಬಳಿ ಹೋಗುವುದು

ಡಿಟಿ830ಡಿ ಎಂಬುದು ಒಂದು ಕಂಪನಿಯ ಹೆಸರಲ್ಲ. ಆ ಸಂಖ್ಯೆಯನ್ನು ಹತ್ತಾರು ತಯಾರಕರು ಅಚ್ಚು ಹಾಕುತ್ತಾರೆ. ಹೊರಗಿನ ಕವಚ ಒಂದೇ ಥರ, ಒಳಗಿನ ಬೋರ್ಡು ಬೇರೆ ಬೇರೆ. ಆದ್ದರಿಂದ ಇದಕ್ಕೆ ಸರ್ವಿಸ್ ಮ್ಯಾನ್ಯುಯಲ್ ಹುಡುಕುವುದು ಹೆಚ್ಚುಕಡಿಮೆ ವ್ಯರ್ಥ, ಸರ್ವಿಸ್ ಸೆಂಟರಂತೂ ದೂರದ ಮಾತು. ಕಪ್ಪು ಗುಳ್ಳೆಯಡಿಯ ಚಿಪ್ಪು ಸುಟ್ಟರೆ ಬದಲಿಸಲು ಬರುವುದಿಲ್ಲ. ಮೀಟರು ಅಲ್ಲಿಗೆ ಮುಗಿಯಿತು. ಹಳೆಯ ಮಾದರಿಗಳಲ್ಲಿ ನಲವತ್ತು ಕಾಲಿನ 7106 ಸಾಕೆಟ್ಟಿನಲ್ಲೋ ಬೆಸುಗೆಯಲ್ಲೋ ಕೂತಿರುತ್ತಿತ್ತು, ಬಿಡಿಯಾಗಿ ಸಿಗುತ್ತಿತ್ತು.

ಆದರೂ ರಿಪೇರಿಗೆ ಬಗ್ಗುವ ದೋಷಗಳು ಹಲವು. ಪರದೆಯ ಅಂಕಿಯ ಒಂದು ಗೆರೆ ಮೂಡದೆ 8 ಎಂಬುದು 6ರಂತೆ ಕಂಡರೆ ಪರದೆ ಸತ್ತಿದೆ ಎಂದುಕೊಳ್ಳಬೇಕಾಗಿಲ್ಲ. ಪರದೆಗೂ ಬೋರ್ಡಿಗೂ ನಡುವೆ ರಬ್ಬರಿನ ಒಂದು ಪಟ್ಟಿ ಇರುತ್ತದೆ, ಹತ್ತಿರದಿಂದ ನೋಡಿದರೆ ಕಪ್ಪು ಬಿಳುಪು ಗೆರೆಗೆರೆ. ಅದಕ್ಕೇ ಜೀಬ್ರಾ ಸ್ಟ್ರಿಪ್ ಎನ್ನುತ್ತಾರೆ. ಮೀಟರು ಬಿದ್ದಾಗ ಅದು ಜರುಗುತ್ತದೆ. ಪಟ್ಟಿಯನ್ನೂ ಬೋರ್ಡಿನ ಬೆರಳುಗಳನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿ ಮತ್ತೆ ಕೂರಿಸಿದರೆ ಗೆರೆ ಮರಳುತ್ತದೆ. ಸೆಲೆಕ್ಟರ್ ತಿರುಗಿಸಿದಾಗ ಅಂಕಿ ಅಲೆಯುತ್ತಿದ್ದರೆ ಬೋರ್ಡಿನ ವೃತ್ತಾಕಾರದ ಪಟ್ಟಿಗಳನ್ನು ಅದೇ ಆಲ್ಕೊಹಾಲಿನಲ್ಲಿ ಒರೆಸಬೇಕು. ಸ್ವಿಚ್ಚು ಬಿಚ್ಚುವವರಿಗೆ ಒಂದು ಎಚ್ಚರಿಕೆ: ಅದರೊಳಗೆ ಸಾಸಿವೆಗಿಂತ ತುಸು ದೊಡ್ಡ ಎರಡು ಉಕ್ಕಿನ ಗುಂಡುಗಳು ಸ್ಪ್ರಿಂಗಿನ ಮೇಲೆ ಕೂತಿರುತ್ತವೆ. ತಟ್ಟೆಯೊಳಗೆ ಬಿಚ್ಚದಿದ್ದರೆ ಅವು ಮಂಚದ ಕೆಳಗೆ ಸೇರುತ್ತವೆ.

ಕರೆಂಟು ಅಳೆಯುವ ರೇಂಜು ಮಾತ್ರ ಕೆಲಸ ಮಾಡದಿದ್ದರೆ ಫ್ಯೂಸು ಹೋಗಿರುತ್ತದೆ. ಅಗ್ಗದ ಮೀಟರುಗಳಲ್ಲಿ 250 ವೋಲ್ಟಿನ ಗಾಜಿನ ಕೊಳವೆ, ಸಾಮಾನ್ಯವಾಗಿ 0.2 ಅಥವಾ 0.5 ಆಂಪಿಯರ್. ಇಲ್ಲಿ ತಂತಿ ಸುತ್ತುವ ಹಳೆಯ ಚಾಳಿ ಅಪಾಯಕಾರಿ. 10 ಆಂಪಿಯರ್ ತೂತಿನ ಪಕ್ಕದಲ್ಲಿ ‘ಫ್ಯೂಸ್ ಇಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದೇ ಇರುತ್ತದೆ. ಕೆಂಪು ಲೀಡನ್ನು ಅಲ್ಲೇ ಬಿಟ್ಟು ಸಾಕೆಟ್ಟಿಗೆ ಪ್ರೋಬು ಇಟ್ಟರೆ ಆ 0.01 ಓಮ್ ತಂತಿಯ ಮೂಲಕ ಮೇನ್ಸು ನೇರ ಷಾರ್ಟ್. ಒಳ್ಳೆಯ ಮೀಟರುಗಳಲ್ಲಿ ಇದೇ ಜಾಗದಲ್ಲಿ ಮರಳು ತುಂಬಿದ ಸಿರಾಮಿಕ್ ಎಚ್‌ಆರ್‌ಸಿ ಫ್ಯೂಸು ಇರುತ್ತದೆ, 11 ಆಂಪಿಯರ್, 1000 ವೋಲ್ಟ್. ಅದೊಂದರ ಬೆಲೆಗೆ ಇಡೀ ಹಳದಿ ಮೀಟರು ಬರುತ್ತದೆ. ಮೀಟರಿನ ಮುಖದ ಮೇಲೆ ‘ಕ್ಯಾಟ್ 3, 600 ವೋಲ್ಟ್’ ಎಂಬ ಸುರಕ್ಷತಾ ದರ್ಜೆ ಅಚ್ಚಾಗಿದ್ದು ಒಳಗೆ ಗಾಜಿನ ಫ್ಯೂಸು ಕಂಡರೆ ಅಚ್ಚಿಗಿಂತ ಫ್ಯೂಸನ್ನೇ ನಂಬಬೇಕು. ಮೇನ್ ಪ್ಯಾನೆಲ್ಲಿಗೂ ಪಂಪ್‌ಸೆಟ್ಟಿನ ಸ್ಟಾರ್ಟರಿಗೂ ಇಂಥದ್ದು ಸಲ್ಲ.

ಸರ್ವಿಸ್ ಬೇಕೆಂದರೆ ಅದನ್ನು ಕೊಳ್ಳುವಾಗಲೇ ಕೊಳ್ಳಬೇಕು. ನಾಸಿಕದ ರಿಷಭ್, ಮೋಟ್ವಾನೆ, ಮುಂಬೈ ಕಡೆಯ ಮೆಕೊದಂಥ ದೇಶಿ ತಯಾರಕರ ಮೀಟರುಗಳಿಗೆ ವಿಳಾಸವಿದೆ. ಆಮದು ಮೀಟರಾದರೆ ಡಬ್ಬವನ್ನು ತಿರುಗಿಸಿ ನೋಡುವುದು ಮೊದಲ ಪರೀಕ್ಷೆ. ಪೊಟ್ಟಣ ಸರಕುಗಳ 2011ರ ಕಾನೂನು ಮಾಪನ ನಿಯಮಗಳ ಪ್ರಕಾರ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಬೆಲೆ, ದೂರು ಹೇಳಲು ಫೋನು ಮತ್ತು ಇಮೇಲು ಅಲ್ಲಿರಬೇಕು. ಇಲ್ಲದಿದ್ದರೆ ಆ ಮೀಟರಿಗೆ ಭಾರತದಲ್ಲಿ ಅಪ್ಪ ಅಮ್ಮ ಇಲ್ಲ ಎಂದೇ ತಿಳಿಯಬೇಕು. ಇದ್ದೂ ವಾರಂಟಿಯ ಮಾತು ನಡೆಸಿಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಬಿಲ್ ಇಟ್ಟುಕೊಂಡಿರಬೇಕು ಅಷ್ಟೇ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ‘ವಾರಂಟಿ ಎಷ್ಟು ವರ್ಷ’ ಎಂಬುದಕ್ಕಿಂತ ‘ಇದರ ಫ್ಯೂಸು ಮತ್ತು ಲೀಡು ಬಿಡಿಯಾಗಿ ಸಿಗುತ್ತವೆಯೇ’ ಎಂಬುದು. ಮೀಟರನ್ನು ತಾವೇ ಬಿಚ್ಚಿ ಪ್ರಿಸೆಟ್ ತಿರುಗಿಸಿದ ಮೇಲೆ ವಾರಂಟಿಯ ಮಾತು ಎತ್ತಿದರೆ ಬಣ್ಣದ ಆ ತೊಟ್ಟು ಒಡೆದದ್ದನ್ನು ಅಂಗಡಿಯವರು ಮೊದಲು ತೋರಿಸುತ್ತಾರೆ.

ಸರ್ಟಿಫಿಕೇಟಿದ್ದರೂ ಇಲ್ಲದಿದ್ದರೂ, ಎಲೆಕ್ಟ್ರಿಷಿಯನ್ನರು ಜೀವಕ್ಕೆ ಸಂಬಂಧಿಸಿದ ಅಳತೆಗೆ ಬಳಸುವ ಕ್ರಮ ಒಂದೇ. ತಂತಿಯಲ್ಲಿ ಕರೆಂಟು ಇಲ್ಲ ಎಂದು ಮೀಟರು ಹೇಳುವ ಮುನ್ನ, ಕರೆಂಟು ಇರುವುದು ಖಚಿತವಾದ ಸಾಕೆಟ್ಟಿನಲ್ಲಿ ಅದನ್ನು ನೋಡುವುದು. ಆಮೇಲೆ ಮುಟ್ಟಬೇಕಾದ ತಂತಿಯಲ್ಲಿ ನೋಡುವುದು. ಸೊನ್ನೆ ಬಂದರೆ ಮತ್ತೆ ಮೊದಲಿನ ಸಾಕೆಟ್ಟಿಗೆ ಹೋಗಿ, ಮೀಟರು ನಡುವೆ ಸತ್ತಿಲ್ಲವೆಂದು ಖಚಿತ ಮಾಡಿಕೊಂಡು, ಅನಂತರ ಕೈಹಾಕುವುದು.